ನಾನು ಮುಚ್ಚಿದ ಕಿಟಕಿ

ಇದನ್ನು ಹೇಳದೆ ಆರು ವರ್ಷ ತಳ್ಳಿದೆ. ಇಗರ್ಜಿಯಲ್ಲಿ ಪಾಪ ನಿವೇದಿಸುವಾಗಲೂ ಸಣ್ಣಪುಟ್ಟದ್ದನ್ನೆಲ್ಲ ಹೇಳಿ, ಇದೊಂದನ್ನು ನುಂಗಿಕೊಂಡು ಏಳುತ್ತಿದ್ದೆ.

ಆಗ ನಾನು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಒಂದು ಕೋಣೆಯಲ್ಲಿದ್ದೆ. ನಾಲ್ಕು ಜನ, ಒಂದೇ ಕಿಟಕಿ. ಚಳಿಗಾಲದಲ್ಲಿ ಎಸಿ ನಿಲ್ಲಿಸಿದರೆ ಗಾಳಿ ಬರುವುದು ಅಲ್ಲಿಂದ ಮಾತ್ರ. ಕಿಟಕಿಯ ಪಕ್ಕದ ಮಂಚ ಅಲ್ ಮೀನಾದ ಮಾರ್ಕೆಟಿನಲ್ಲಿ ಮೀನು ಕೊಯ್ಯುತ್ತಿದ್ದ, ನಮ್ಮ ಕರಾವಳಿಯವರೇ ಆದ ಬ್ಯಾರಿ ಕಾಕನದು. ಬೆಳಗಿನ ನಮಾಜಿಗೆ ಎದ್ದವರು ಮೊದಲು ಕಿಟಕಿ ತೆರೆಯುತ್ತಿದ್ದರು. ಥಂಡಿ ಗಾಳಿ ನನಗೆ ತಾಗದಂತೆ ನನ್ನ ಕಂಬಳಿ ಎಳೆದು ಸರಿಮಾಡಿ ಹೋಗುತ್ತಿದ್ದರು.

ಕೋಣೆಯಲ್ಲಿ ಅಡುಗೆ ಮಾಡಬಾರದೆಂದು ಯಜಮಾನರ ಕಟ್ಟಪ್ಪಣೆ. ಫ್ಲಾಟ್ ಹಿಡಿದು ನಮಗೆ ಮಂಚ ಕೊಟ್ಟವರು ಅವರು. ಒಂದು ರಜೆಯ ಮಧ್ಯಾಹ್ನ ಯಾರೂ ಇಲ್ಲದಾಗ, ಊರಿಂದ ಬಂದ ಒಣ ಸಿಗಡಿಯನ್ನು ಕರೆಂಟ್ ಒಲೆಯಲ್ಲಿ ಹುರಿದೆ. ವಾಸನೆ ಹೊರಗೆ ಹೋಗದಿರಲೆಂದು ಕಿಟಕಿ ಮುಚ್ಚಿದೆ. ಅದು ಪರದೆಗೂ ಹಾಸಿಗೆಗಳಿಗೂ ಹಿಡಿದುಕೊಂಡಿತು.

ಸಂಜೆ ಯಜಮಾನರು ಬಾಗಿಲಲ್ಲೇ ನಿಂತರು. "ಎಂಥ ನಾತ ಇದು? ಕಾಕಾ, ಮಾರ್ಕೆಟಿನ ಬಟ್ಟೆಯಲ್ಲೇ ಬಂದು ಮಲಗಿದ್ದಾ?"

"ಇಲ್ಲ ಮಾರಾಯ್ರೇ, ನಾನು ಅಲ್ಲೇ ಮಿಂದು ಬರುವುದು. ಇದು ಒಣ ಸಿಗಡಿ. ನಾನು ಕೊಯ್ಯುವುದು ಹಸಿ ಮೀನು."

"ಕಾಕನ ಮೂಗಿಗೆ ಮೀನಿನಲ್ಲೇ ಡಿಗ್ರಿ ಉಂಟು!" ಎಂದು ಇನ್ನೊಬ್ಬ ನಕ್ಕ.

ಕಾಕ ನನ್ನ ಕಡೆ ನೋಡಿದರು. ನಾನು ಸುಮ್ಮನಿದ್ದರೂ ಆಗುತ್ತಿತ್ತು. "ನನಗೆ ಬೆಳಿಗ್ಗೆಯಿಂದಲೇ ನಾತ ಬರ್ತಾ ಇತ್ತು" ಎಂದೆ. ಬೆಳಿಗ್ಗೆ ಕೋಣೆಯಲ್ಲಿ ಹೊರಗಿನ ತಂಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ.

"ಖಲಾಸ್. ತಿಂಗಳ ಕೊನೆಗೆ ಬೇರೆ ಕಡೆ ನೋಡಿಕೊಳ್ಳಿ" ಎಂದರು ಯಜಮಾನರು.

ಉಳಿದ ದಿನಗಳಲ್ಲೂ ಕಾಕ ಕಿಟಕಿ ತೆರೆದರು, ನನ್ನ ಕಂಬಳಿ ಸರಿಮಾಡಿದರು. ನಾನು ನಿದ್ದೆ ಬಂದವನಂತೆ ಬಿದ್ದುಕೊಂಡಿರುತ್ತಿದ್ದೆ. ಹೊರಡುವಾಗ ಚೀಲ ಎತ್ತಿಕೊಂಡು, ಊರಲ್ಲಿ ನಮ್ಮಂಥ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ, "ಪೊರ್ಬುಗಳೇ, ಬೆಳಿಗ್ಗೆ ಅರ್ಧ ಗಂಟೆಯಾದರೂ ಕಿಟಕಿ ತೆರೆದಿಡಿ. ನಾಲ್ಕು ಜನರ ಉಸಿರು ಒಳಗೇ ನಿಲ್ಲಬಾರದು" ಎಂದರು. ಅಷ್ಟೇ. ಅವರ ಮಂಚ ನನಗೆ ಸಿಕ್ಕಿತು.

ಒಮ್ಮೆ ಹೇಳಿಯೇ ಬಿಡಬೇಕೆಂದು ಅಲ್ ಮೀನಾಕ್ಕೆ ಹೋದೆ. ಕಾಕ ತಲೆ ಬಗ್ಗಿಸಿ ಅಂಜಲ್ ಮೀನು ಕೊಯ್ಯುತ್ತಿದ್ದರು. ದೂರದಲ್ಲಿ ಸ್ವಲ್ಪ ಹೊತ್ತು ನಿಂತು, ಪರಿಚಯದವರ ಮನೆಗೆಂದು ಬೇರೆಯವರ ಹತ್ತಿರ ಮೀನು ಕೊಯ್ಯಿಸಿಕೊಂಡು ವಾಪಸಾದೆ. ಮುಂದಿನ ಚಳಿಗಾಲ ಹೋದಾಗ ಆ ಜಾಗದಲ್ಲಿ ಬೇರೆ ಯಾರೋ ಇದ್ದರು.

ಈಗ ದುಬೈಯ ಅಲ್ ಕುಸೈಸಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಚಳಿಗಾಲದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಕಿಟಕಿ ತೆರೆಯುತ್ತೇನೆ, ಮಲಗಿರುವ ಮೊಮ್ಮಗಳ ಕಂಬಳಿ ಸರಿಮಾಡುತ್ತೇನೆ. ಅದರಿಂದ ತೀರುವಂಥದ್ದಲ್ಲ ಇದು. ನಾನು ಕ್ಷಮೆ ಕೇಳದೆ ಬಿಟ್ಟವರು ಕಿಟಕಿಯ ಪಕ್ಕದ ಮಂಚದ ಆ ಬ್ಯಾರಿ ಕಾಕ.