ದೇವಿಯ ಕಾಲು, ಮಾಸ್ತರರ ಡೋಲು

ಮೊನ್ನೆ ಕುಮಟೆಯ ಸಂತೆಯಲ್ಲಿ ಗಡಿಗೆ ಕೊಳ್ಳುತ್ತಿದ್ದೆ. ಗಡಿಗೆಯನ್ನು ತಟ್ಟದೆ ಕೊಳ್ಳಬಾರದು ನೋಡಿ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಕ್ಕಿಬೀಳುತ್ತದೆ. ಒಂದೊಂದನ್ನೇ ಗೆಣ್ಣಿನಿಂದ ತಟ್ಟುತ್ತ ಹೋದವಳು ನಾಲ್ಕನೆಯದರ ‘ದುಂ’ ಕೇಳಿ ಅಲ್ಲೇ ನಿಂತೆ. ದೇವಿಯ ಅಪ್ಪನ ಗುಮಟೆಯದೇ ದನಿ!

ದೇವಿ ಅರವತ್ತರ ದಶಕದಲ್ಲಿ ಒಂಬತ್ತನೆಯ ಇಯತ್ತೆಯಲ್ಲಿ ನನ್ನ ಜೊತೆಗಿದ್ದವಳು. ಅವಳ ಅಪ್ಪ ಸುಗ್ಗಿ ಕುಣಿತಕ್ಕೆ ಗುಮಟೆ, ಅಂದರೆ ಚರ್ಮ ಬಿಗಿದ ಮಣ್ಣಿನ ಗಡಿಗೆ, ಬಾರಿಸುವವರು.

ಆಗಸ್ಟ್ ಹದಿನೈದರ ಕವಾಯತಿಗೆ ತಾಲೀಮು ನಡೆದಿತ್ತು. ಶಾಲೆಯ ಡೋಲು ‘ಢಂ’ ಎಂದರೆ ನಮ್ಮೆಲ್ಲರ ಕಾಲು ಒಟ್ಟಿಗೆ ಏಳುತ್ತಿತ್ತು. ದೇವಿ ಮಾತ್ರ ಎರಡು ಹೆಜ್ಜೆ ಇಟ್ಟು, ಮೂರನೆಯದನ್ನು ಗಾಳಿಯಲ್ಲಿ ತುಸು ತಡೆದು, ಆಮೇಲೆ ಇಳಿಸುವಳು. ಅವಳ ಹಿಂದೆ ನಾನು. ನನ್ನ ಕಾಲು ಅವಳ ಹಿಮ್ಮಡಿಯ ಮೇಲೆ. ಚಾಡಿ ಹೇಳಿದವಳೂ ನಾನೇ, ಮುಚ್ಚಿಡುವುದೇಕೆ? ಡ್ರಿಲ್ ಮಾಸ್ತರರು ಅವಳನ್ನು ಸಾಲಿನಿಂದ ತೆಗೆದರು. ಮಗಳು ಬಾವುಟದ ಮುಂದೆ ನಡೆಯುತ್ತಾಳೆಂದು ಅಪ್ಪ ಕೇರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಅದೇ ದಿನ ಇಂಗ್ಲಿಷ್ ಮಾಸ್ತರರು ಒಂದು ನುಡಿಗಟ್ಟು ಬರೆಸಿದರು: ಬೇರೆ ಡೋಲಿಗೆ ಹೆಜ್ಜೆ ಹಾಕುವುದು. ನೂರು ವರ್ಷದ ಕೆಳಗೆ ಅಮೆರಿಕದಲ್ಲಿ ಹುಟ್ಟಿದ ಮಾತಂತೆ. ದಂಡಿನ ಕವಾಯತಿನಲ್ಲಿ ಡೋಲು ಹೇಳಿದಂತೆ ಸಾವಿರ ಕಾಲು ಏಳಬೇಕು. ತನ್ನ ಪಾಡಿಗೆ ಬದುಕುವವನಿಗೆ ಕೇಳಿಸುವ ಡೋಲೇ ಬೇರೆ.

“ಅಂಥವ್ರನ್ನೂ ಸಾಲಿಂದ ಹೊರಗೆ ಹಾಕ್ತ್ರಾ ಮಾಸ್ತರೇ?” ಎಂದಳು ದೇವಿ.

ಮಾಸ್ತರರು ಹಲಗೆ ಒರೆಸಿದರು. “ಅದು ಪರೀಕ್ಷೆಗೆ ಬರೋದಿಲ್ಲ.”

ಹದಿನೈದರಂದು ಬೆಳಗಿನಿಂದ ಜಿನುಗು ಮಳೆ. ಚರ್ಮ ತೇವ ಕುಡಿದ ಡೋಲು ಒದ್ದೆ ಚಾದರ ಕೊಡವಿದಂತೆ ‘ಬಸ್’ ಎಂದಿತು. ಕವಾಯತು ನೋಡಲು ಬಂದಿದ್ದ ಅಪ್ಪನ ಪಕ್ಕ ನಿಂತಿದ್ದ ದೇವಿ ಮುಂದೆ ಬಂದಳು.

“ಅದ್ಕೆ ಚಳಿ ಹಿಡದದೆ ಮಾಸ್ತರೇ. ಬೆಂಕಿಗೆ ಹಿಡೀಬೇಕು, ದೂರದಿಂದ.”

“ನಿಂಗೆಂತ ಗೊತ್ತು?” ಎಂದರು ಡ್ರಿಲ್ ಮಾಸ್ತರರು.

“ಮಳೆಗಾಲ್ದಲ್ಲಿ ನಮ್ಮನೆ ಒಲೆ ಮುಂದೆ ಮೊದ್ಲು ಗುಮಟೆ, ಆಮೇಲೆ ನಾವು.”

ಡ್ರಿಲ್ ಮಾಸ್ತರರಿಗೆ ‘ದೂರದಿಂದ’ ಎಂಬುದು ಕೇಳಿಸುವಷ್ಟು ಪುರುಸೊತ್ತಿರಲಿಲ್ಲ. ಚಹದಂಗಡಿಯ ಒಲೆಗೆ ಡೋಲು ಹಿಡಿದರು. ಚರ್ಮ ‘ಫಟ್’ ಎಂದು ಸೀಳಿತು. ಅತಿಥಿಗಳಾಗಲೇ ಕುರ್ಚಿಯಲ್ಲಿ ಕೂತಿದ್ದರು.

ದೇವಿಯ ಅಪ್ಪ ನಿಧಾನವಾಗಿ ಕಂಬಳಿ ಬಿಚ್ಚಿದರು. ಒಳಗೆ ಗುಮಟೆ, ಬೆಚ್ಚಗೆ. ಹಬ್ಬವಲ್ಲವೇ, ಕವಾಯತು ಮುಗಿದ ಮೇಲೆ ನಾಲ್ಕು ಪೆಟ್ಟು ಬಾರಿಸೋಣವೆಂದು ತಂದದ್ದು.

“ನಾ ಬಾರಿಸ್ತೆ. ಮಗಳು ಸಾಲಲ್ಲಿ ಇರ್ಬೇಕು.”

“ಆತು, ಆತು, ಸುರು ಮಾಡು ಮಾರಾಯಾ!”

ಆ ಪೆಟ್ಟು ತಿಳಿದಿದ್ದವಳು ದೇವಿ ಒಬ್ಬಳೇ. ಆದ್ದರಿಂದ ಅವಳೇ ಎಲ್ಲರಿಗಿಂತ ಮುಂದೆ. ಎರಡು ಹೆಜ್ಜೆ, ಮೂರನೆಯದು ಗಾಳಿಯಲ್ಲಿ, ಆಮೇಲೆ ನೆಲಕ್ಕೆ. ಬಾವುಟದ ಹತ್ತಿರ ಬರುವಷ್ಟರಲ್ಲಿ ಇಡೀ ಶಾಲೆ ಅವಳಂತೆಯೇ ನಡೆಯುತ್ತಿತ್ತು. ಪಕ್ಕದಲ್ಲಿ ‘ಲೆಫ್ಟ್, ರೈಟ್’ ಎನ್ನುತ್ತ ಬಂದ ಡ್ರಿಲ್ ಮಾಸ್ತರರದು ಮಾತ್ರ ತಪ್ಪು ಹೆಜ್ಜೆ.

“ಅವರಿಗೆ ಯಾವ ಡೋಲು ಕೇಳಿಸ್ತಾ ಇದೆಯೋ!” ಎಂದರು ಇಂಗ್ಲಿಷ್ ಮಾಸ್ತರರು, ಕೊಡೆಯ ಮರೆಯಲ್ಲಿ.

“ಎಂತ ಅಮ್ಮಾ, ಗಡಿಗೆ ತಕಂತ್ರೋ, ಬಾರಿಸ್ತಾ ಕೂತ್ಕಂತ್ರೋ?” ಮಾರುವವಳು ರೇಗಿದಳು. ನಾಲ್ಕನೆಯದನ್ನೇ ಕೊಂಡು, ಸೊಂಟಕ್ಕಿಟ್ಟು, ಬೆರಳಲ್ಲಿ ತಟ್ಟುತ್ತ ಹೊರಟೆ. ಎರಡು ಹೆಜ್ಜೆ, ಮೂರನೆಯದು ಗಾಳಿಯಲ್ಲಿ. ಹಿಂದೆ ಬರುತ್ತಿದ್ದ ಹೆಂಗಸು ನನ್ನ ಹಿಮ್ಮಡಿ ತುಳಿದು, “ನೆಟ್ಟಗೆ ನಡೀಲಿಕ್ಕೆ ಬರೂದಿಲ್ವೋ?” ಎಂದಳು.

ನಾನು ಹೆಜ್ಜೆ ಬದಲಿಸಲಿಲ್ಲ.