ಅವ್ವನ ಸುತ್ತು, ನನ್ನ ಚೀಟಿ

ಹಾವೇರಿಯ ಒಂದು ಸೂಪರ್ ಮಾರ್ಕೆಟ್ಟಿನೊಳಗೆ ನನಗೆ ಪ್ರವೇಶವಿಲ್ಲ. ನಾನು ಅಲ್ಲಿ ಏನನ್ನೂ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಬಂದವಳಲ್ಲ, ಯಾರ ಜೊತೆಗೂ ಕೈಕೈ ಮಿಲಾಯಿಸಿದವಳಲ್ಲ. ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ, ಐವತ್ತರ ಹತ್ತಿರಕ್ಕೆ ಬಂದ, ದಪ್ಪ ಕನ್ನಡಕದ ಹೆಂಗಸು. ಅದೇ ಅಂಗಡಿಯ ರಾಣೆಬೆನ್ನೂರು ಶಾಖೆಗೆ ಒಮ್ಮೆ ಏನೂ ಅರಿಯದವಳಂತೆ ಹೋಗಿ ನೋಡಿದೆ. ಬಾಗಿಲಲ್ಲಿದ್ದ ಸೆಕ್ಯುರಿಟಿಯವನು ಮೊಬೈಲ್ ನೋಡಿದ, ನನ್ನ ಮುಖ ನೋಡಿದ, ಮತ್ತೆ ಮೊಬೈಲ್ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, "ಇಲ್ಲೂ ಇಲ್ರಿ ಮೇಡಂ" ಅಂದ. ನನ್ನ ಫೋಟೋ ನನಗಿಂತ ಮೊದಲೇ ಊರು ತಲುಪಿತ್ತು. ಇಷ್ಟಕ್ಕೆಲ್ಲ ಕಾರಣ ಅವ್ವನ ಎಡ ಮೊಣಕಾಲು.

ಆ ಮೊಣಕಾಲಿಗೆ ರಾಣೆಬೆನ್ನೂರಿನಲ್ಲೇ ಆಪರೇಶನ್ ಆಗಿತ್ತು. ಅಪ್ಪ ತೀರಿಹೋದಾಗಿನಿಂದ ಅವ್ವ ನಮ್ಮ ಮನೆಯಲ್ಲೇ ಇದ್ದಾಳೆ. ಡಾಕ್ಟರು ಹೇಳಿದ್ದು ಒಂದೇ ಮಾತು: ದಿನಾ ನಡೆಯಬೇಕು, ಸಮನಾದ ನೆಲದ ಮೇಲೆ, ಏನನ್ನಾದರೂ ಹಿಡಿದುಕೊಂಡು. ಇಲ್ಲದಿದ್ದರೆ ಕೀಲು ಬಿಗಿದುಕೊಂಡು ಇದ್ದಷ್ಟಕ್ಕೇ ನಿಲ್ಲುತ್ತದೆ, ಆಮೇಲೆ ಯಾರು ಬಂದರೂ ಬಗ್ಗಿಸಲು ಆಗುವುದಿಲ್ಲ. ಹೇಳಿದರು, ಬಿಲ್ ಬರೆದರು, ಕಳಿಸಿದರು. ನಮ್ಮ ಓಣಿಯ ರಸ್ತೆಯನ್ನು ಮೊದಲು ನೀರಿನ ಪೈಪಿಗೆ ಅಗೆದು ಮುಚ್ಚಿ, ಆಮೇಲೆ ಚರಂಡಿಗೆ ಅಗೆದು ಮುಚ್ಚದೆ ಬಿಟ್ಟಿದ್ದರು. ಮನೆಯೊಳಗೆ ನಡೆಯೋಣವೆಂದರೆ ಅಡುಗೆಮನೆಯಿಂದ ತಲೆಬಾಗಿಲವರೆಗೆ ಹದಿನಾಲ್ಕು ಹೆಜ್ಜೆ. ವಾಕರ್ ತಂದುಕೊಟ್ಟೆ. ಅವ್ವ ಅದನ್ನು ಬಿಸಿಲಿಗಿಟ್ಟು ಅದರ ಮೇಲೆ ಟವೆಲ್ ಒಣಹಾಕಿದಳು. ಅದನ್ನು ಹಿಡಿದು ನಡೆಯುವಷ್ಟು ತನಗೆ ವಯಸ್ಸಾಗಿಲ್ಲವಂತೆ. ಆಗ ಅವಳಿಗೆ ಎಪ್ಪತ್ತೆರಡು.

ಒಂದು ಬೆಳಿಗ್ಗೆ ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಸಾಮಾನು ತರುವಾಗ ಆಟೋದಲ್ಲಿ ಕರೆದುಕೊಂಡು ಹೋದೆ. ಸೂಪರ್ ಮಾರ್ಕೆಟ್ಟಿನ ಟ್ರಾಲಿಯ ಹಿಡಿಕೆ ಕೈಗೆ ಸಿಕ್ಕಿದ್ದೇ ತಡ, ಅವ್ವ ನಡೆದಳು. ವಾಕರ್ ಹಿಡಿದವಳು ಮುದುಕಿ, ಟ್ರಾಲಿ ಹಿಡಿದವಳು ಮನೆಯ ಯಜಮಾನತಿ. ಅವಳ ಲೆಕ್ಕ ಅಷ್ಟು ಸರಳ. ಕೆಳಗೆ ಸಮನಾದ ಟೈಲ್ಸ್, ಮೇಲಿಂದ ತಂಪು ಗಾಳಿ, ಎರಡೂ ಬದಿಗೆ ಕೊಂಕು ತೆಗೆಯಲು ಬೇಕಾದಷ್ಟು ಸಾಮಾನು. ಅಂದು ಇಡೀ ಅಂಗಡಿಯನ್ನು ಒಂದು ಸುತ್ತು ಹಾಕಿದಳು. ಆಪರೇಶನ್ ಆದಮೇಲೆ ಅಷ್ಟು ದೂರ ನಡೆದದ್ದು ಅದೇ ಮೊದಲು. ನನಗೆ ಕಣ್ಣಲ್ಲಿ ನೀರೇ ಬಂತು. ಮರುದಿನದಿಂದ ಕಾಲೇಜಿಗೆ ಹೋಗುವ ಮುಂಚೆ, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಇಬ್ಬರೂ ಅಲ್ಲಿ ಹಾಜರು.

ಆ ಅಂಗಡಿಯ ಬಾಗಿಲ ಬಳಿ ಒಂದು ಬೋರ್ಡು ಇತ್ತು. ಶೆಲ್ಫಿನ ಮೇಲೆ ಹಚ್ಚಿದ ಬೆಲೆಗಿಂತ ಬಿಲ್ಲಿನಲ್ಲಿ ಹೆಚ್ಚು ಬಂದರೆ ಆ ಸಾಮಾನು ನಿಮಗೆ ಪುಕ್ಕಟೆ ಎಂದು ಬರೆದಿದ್ದರು. ಬರೆದವರು ಅದನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆದಿರಬೇಕು. ನಾಲ್ಕನೆಯ ದಿನ ತೊಗರಿಬೇಳೆಯ ಪಾಕೀಟಿಗೆ ಬಿಲ್ಲಿನಲ್ಲಿ ಹದಿನಾಲ್ಕು ರೂಪಾಯಿ ಹೆಚ್ಚು ಬಂತು. ಕೌಂಟರಿನ ಹುಡುಗಿ ಅದು ಆಫರ್ ಇದ್ದಾಗಿನ ಹಳೆಯ ಚೀಟಿ, ತೆಗೆಯಲು ಮರೆತಿದ್ದಾರೆ ಎಂದಳು. ನಾನು ಹೋಗಲಿ ಬಿಡು ಅನ್ನುವವಳಿದ್ದೆ. ಅವ್ವ ಟ್ರಾಲಿಯನ್ನು ಕೌಂಟರಿಗೆ ಅಡ್ಡ ನಿಲ್ಲಿಸಿದಳು.

"ಬರದೀರಿ, ಹಚ್ಚೀರಿ. ಚೀಟಿ ಅಂದ್ರ ಮಾತು" ಅಂದಳು.

ಈ ಮಾತು ಬ್ಯಾಡಗಿಯದು. ಅವ್ವನ ತವರಿನಲ್ಲಿ ಅಜ್ಜನದು ಮೆಣಸಿನಕಾಯಿ ದಲಾಲಿ ಅಂಗಡಿ. ಅವಳು ಲಂಗ ಉಟ್ಟುಕೊಂಡು ಓಡಾಡುವ ಕಾಲಕ್ಕೆ ಖರೀದಿದಾರರು ರಾಶಿಯಲ್ಲಿ ಕೈಹಾಕಿ, ಕಾಯಿ ಮುರಿದು ಮೂಸಿ, ತಮಗೆ ಕಂಡ ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರಂತೆ. ಪೆಟ್ಟಿಗೆ ತೆರೆದ ಮೇಲೆ ತಪ್ಪಿ ಬರೆದೆ ಅನ್ನುವಂತಿಲ್ಲ. ಒಬ್ಬ ವ್ಯಾಪಾರಿ ಅವಸರದಲ್ಲಿ ಹೆಚ್ಚು ದರ ಬರೆದು, ಬೆವರು ಒರೆಸಿಕೊಳ್ಳುತ್ತಲೇ ಅಷ್ಟಕ್ಕೇ ಮಾಲು ಎತ್ತಿಕೊಂಡು ಹೋದ ಕಥೆಯನ್ನು ನಾನು ನೂರು ಸಲ ಕೇಳಿದ್ದೇನೆ. ಬರೆದ ಚೀಟಿಯನ್ನು ಆಮೇಲೆ ತಿದ್ದಲು ಹೋದ ಇನ್ನೊಬ್ಬನನ್ನು ಯಾವ ಅಂಗಡಿಯವರೂ ಗಾದಿಯ ಮೇಲೆ ಕೂರಿಸಿಕೊಳ್ಳಲಿಲ್ಲವಂತೆ. ಈಗ ದರವೆಲ್ಲ ಮೊಬೈಲಿನಲ್ಲಿ ಬರುತ್ತದೆ. ಅವ್ವನ ಮಟ್ಟಿಗೆ ಮಾತ್ರ ಬೆಲೆ ಬರೆದ ಕಾಗದ ಎಲ್ಲಿದ್ದರೂ ಅದು ಬ್ಯಾಡಗಿಯ ಪೆಟ್ಟಿಗೆಯಿಂದಲೇ ಬಂದದ್ದು.

ಬೇಳೆ ಪುಕ್ಕಟೆ ಸಿಕ್ಕಿತು. ಅಂದಿನಿಂದ ನಮ್ಮ ನಡಿಗೆ ಬೇಟೆಯಾಯಿತು. ಅವ್ವ ಮುಂದೆ, ಸಣ್ಣ ಅಕ್ಷರ ಓದಲು ನಾನು ಹಿಂದೆ. ತಪ್ಪು ಚೀಟಿ ಹುಡುಕುತ್ತ ಅವಳು ಎಲ್ಲೂ ಕೂರುತ್ತಿರಲಿಲ್ಲ. ಎರಡು ಸುತ್ತು, ಮೂರು ಸುತ್ತು ಆಗುತ್ತಿತ್ತು. ವಾರಕ್ಕೆ ಒಂದೋ ಎರಡೋ ಸಿಗುತ್ತಿದ್ದವು. ಶಾವಿಗೆ, ಗಸಗಸೆ, ಹಲ್ಲುಜ್ಜುವ ಪೇಸ್ಟು. ಬೇಕೋ ಬೇಡವೋ ಎಂಬ ಪ್ರಶ್ನೆಯೇ ಇರಲಿಲ್ಲ. ನಮ್ಮ ಮನೆಯವರು ಒಂದು ದಿನ ಬಚ್ಚಲಿನ ಕಪಾಟು ತೆಗೆದು, ಐದು ಫಿನಾಯಿಲ್ ಬಾಟಲಿ ಎಣಿಸಿ, ಮನೆಯಲ್ಲಿ ಆಸ್ಪತ್ರೆ ತೆಗೆಯುವ ವಿಚಾರವಿದೆಯೇ ಎಂದು ಕೇಳಿದರು. ಅವ್ವ ಅಂದು ಅಳಿಯನ ಎದುರಿಗೇ ಮೆಟ್ಟಿಲನ್ನು ಕೈ ಹಿಡಿಯದೆ ಹತ್ತಿ ತೋರಿಸಿದಳು. ನನಗೂ ಚಟ ಹತ್ತಿತ್ತು, ಸುಳ್ಳು ಯಾಕೆ ಹೇಳಲಿ. ಕ್ಲಾಸಿನಲ್ಲಿ ಬೇಡಿಕೆ, ಪೂರೈಕೆ ಎಂದು ಗೀಟು ಎಳೆಯುವಾಗಲೂ ನಾಳೆ ಬಿಸ್ಕತ್ತಿನ ಸಾಲು ನೋಡಬೇಕು ಎಂದೇ ಯೋಚಿಸುತ್ತಿದ್ದೆ.

ಮ್ಯಾನೇಜರ್ ಮೂವತ್ತರ ಆಸುಪಾಸಿನ ಸಭ್ಯ ಮನುಷ್ಯ. ಮೊದಮೊದಲು ನಮ್ಮನ್ನು ಕಂಡರೆ ನಗುತ್ತಿದ್ದ. ಆಮೇಲೆ ನಗು ಅರ್ಧವಾಯಿತು. ಒಂದು ದಿನ ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದು, ನಮ್ಮ ಹೆಸರು ಹೆಡ್ ಆಫೀಸಿನವರೆಗೆ ಹೋಗಿದೆ ಎಂದ. ಇನ್ನು ಮುಂದೆ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಒಂದೊಂದು ಚೀಟಿಯನ್ನೂ ತಾಳೆ ನೋಡುತ್ತೇವೆ, ಅಷ್ಟಾದರೂ ನಿಮ್ಮದು ಹೀಗೇ ನಡೆದರೆ ಒಳಗೆ ಬರಬೇಡಿ ಅನ್ನುವುದು ಅನಿವಾರ್ಯವಾಗುತ್ತದೆ, ದಯವಿಟ್ಟು ಆ ಪ್ರಸಂಗ ತರಬೇಡಿ ಎಂದು ಕೇಳಿಕೊಂಡ. ಪುಕ್ಕಟೆ ಸಾಮಾನು ಹೋದರೆ ಹೋಗಲಿ. ಈ ಬಾಗಿಲು ಮುಚ್ಚಿದರೆ ಅವ್ವನನ್ನು ಎಲ್ಲಿ ನಡೆಸಲಿ? ಅವ್ವ ಮಾತ್ರ ಸನ್ಮಾನ ಮಾಡಿಸಿಕೊಂಡವಳ ಹಾಗೆ ತಲೆ ಎತ್ತಿ ಹೊರಗೆ ಬಂದಳು.

ಮ್ಯಾನೇಜರ್ ಹೇಳಿದಂತೆ ಮಾಡಿದ. ಚೀಟಿಗಳೆಲ್ಲ ಸರಿಯಾದವು. ಮೂರು ವಾರ ಒಂದೂ ತಪ್ಪು ಸಿಗಲಿಲ್ಲ. ಅವ್ವ ಮೊದಲು ಮೂರು ಸುತ್ತು ಹಾಕಿದಳು, ಆಮೇಲೆ ಎರಡು, ಆಮೇಲೆ ಒಂದು. ಕೊನೆಗೆ ಅಕ್ಕಿ ಚೀಲಗಳ ಪಕ್ಕದ ಸ್ಟೂಲಿನ ಮೇಲೆ ಕೂತು, ನೀನೇ ಸಾಮಾನು ತಗೊಂಡು ಬಾ ಅನ್ನತೊಡಗಿದಳು. ರಾಣೆಬೆನ್ನೂರಿಗೆ ತೋರಿಸಲು ಹೋದಾಗ ಡಾಕ್ಟರು ಕಾಲು ಬಗ್ಗಿಸಿ ನೋಡಿ ನನ್ನನ್ನು ಬೈದರು. ಹೋದ ತಿಂಗಳಿಗಿಂತ ಕಡಿಮೆ ಬಗ್ಗುತ್ತಿತ್ತು.

ಆ ವಾರವೇ ನಾನು ಹಾಳಾದದ್ದು. ಶೆಲ್ಫಿನ ಅಂಚಿಗೆ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಇರುತ್ತದಲ್ಲ, ಬೆಲೆ ಚೀಟಿಯನ್ನು ಅದರೊಳಗೆ ತೂರಿಸುತ್ತಾರೆ. ಕೆಲಸದವರು ಅವಸರದಲ್ಲಿ ಹಳೆಯ ಚೀಟಿ ತೆಗೆಯದೆ ಅದರ ಮುಂದೆಯೇ ಹೊಸದನ್ನು ಸೇರಿಸುವುದನ್ನು ನಾನು ಗಮನಿಸಿದ್ದೆ. ಹೊಸದನ್ನು ಉಗುರಿನಿಂದ ಎಳೆದು ಹಳೆಯದರ ಹಿಂದೆ ಹಾಕಿದರೆ ಆಯಿತು, ಹಳೆಯ ಕಡಿಮೆ ಬೆಲೆ ಮುಂದೆ ಕಾಣುತ್ತದೆ. ನಾನು ಸುಳ್ಳು ಬೆಲೆ ಬರೆಯಲಿಲ್ಲ, ಹಿಂದೆ ಬಿದ್ದಿದ್ದ ಸತ್ಯವನ್ನು ಮುಂದೆ ತಂದೆ, ಅಷ್ಟೇ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಮೊದಲ ಸಲ ಚಹಾಪುಡಿ. ಅವ್ವ ಎರಡನೆಯ ಸುತ್ತಿನಲ್ಲಿ ಹಿಡಿದಳು. ಅವಳ ಮುಖ ಹೇಗೆ ಅರಳಿತೆಂದರೆ, ನನ್ನ ಪಾಪವೆಲ್ಲ ಅಲ್ಲೇ ಮಾಫ್ ಆಯಿತು ಅನಿಸಿತು. ಆದರೂ ಸಮಾಧಾನಕ್ಕೆಂದು, ಬೇಡದ ಒಂದು ಜೇನುತುಪ್ಪದ ಬಾಟಲಿಯನ್ನು ಪೂರ್ತಿ ದುಡ್ಡು ಕೊಟ್ಟು ಕೊಂಡೆ. ಮುಂದಿನ ವಾರ ಅವಲಕ್ಕಿ. ಅಂದು ಮೂರು ಸುತ್ತು. ಮ್ಯಾನೇಜರ್ ನಮ್ಮತ್ತ ನೋಡಿದ ರೀತಿ ಚೆನ್ನಾಗಿರಲಿಲ್ಲ, ಆದರೂ ಅವಲಕ್ಕಿ ಪುಕ್ಕಟೆ ಕೊಟ್ಟು ಕಳಿಸಿದ. ನಾನು ಅವ್ವನ ಕಾಲು ನೋಡುತ್ತಿದ್ದೆನೇ ಹೊರತು ಅವನ ಮುಖವನ್ನಲ್ಲ.

ಮೂರನೆಯ ವಾರ ಅವಸರದಲ್ಲಿ ಕೈಗೆ ಸಿಕ್ಕ ಪಟ್ಟಿಯಲ್ಲಿ ಚೀಟಿ ಹಿಂದೆ ಮುಂದೆ ಮಾಡಿ ಪಕ್ಕದ ಸಾಲಿಗೆ ಸರಿದುಬಿಟ್ಟೆ. ನಾನು ಕೈ ಹಾಕಿದ್ದು ಒಣಮೆಣಸಿನಕಾಯಿಯ ಸಾಲು. ಬ್ಯಾಡಗಿ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿ ಯಾರೂ ಮಾಡಬಾರದ ತಪ್ಪನ್ನು ನಾನು ಮಾಡಿದ್ದೆ.

ಅವ್ವ ದಿನಾ ಬೆಳಿಗ್ಗೆ ಚಹಾ ಕುಡಿಯುವ ಮೊದಲು ಬ್ಯಾಡಗಿಯ ತಮ್ಮನಿಗೆ ಫೋನ್ ಮಾಡಿ ಮೆಣಸಿನಕಾಯಿಯ ದರ ಕೇಳುತ್ತಾಳೆ. ಮಾರುವುದಕ್ಕೂ ಇಲ್ಲ, ಕೊಳ್ಳುವುದಕ್ಕೂ ಇಲ್ಲ. ಕೇಳದಿದ್ದರೆ ಚಹಾ ಇಳಿಯುವುದಿಲ್ಲ. ಆ ಪಾಕೀಟಿನ ಮುಂದೆ ಟ್ರಾಲಿ ನಿಂತಿತು. ನಾನು ಅವಳ ಮುಖ ಅರಳುವುದನ್ನು ಕಾಯುತ್ತಿದ್ದೆ. ಅದು ಕೆಂಪಾಯಿತು. ಅವಳು ಪಾಕೀಟನ್ನು ಬಿಲ್ ಮಾಡಿಸಲು ಒಯ್ಯಲೇ ಇಲ್ಲ, ನೇರವಾಗಿ ಮ್ಯಾನೇಜರನನ್ನು ಕರೆಸಿದಳು.

"ಈ ದರ ಹ್ವಾದ ವರ್ಷದ್ದು. ಇಷ್ಟಕ್ಕ ಬ್ಯಾಡಗಿ ಕಾಯಿ ಯಾರ ಕೊಡ್ತಾರಿ? ಯಾರ ಹಚ್ಚ್ಯಾರ ಇದನ್ನ?"

ಆ ಚೀಟಿಯನ್ನು ಬೆಳಿಗ್ಗೆ ತಾನೇ ಕೈಯಾರೆ ಬದಲಿಸಿದ್ದ ಮ್ಯಾನೇಜರ್ ಶೆಲ್ಫಿನ ಹತ್ತಿರ ಬಗ್ಗಿದ. ಪಟ್ಟಿಯೊಳಗೆ ಬೆರಳು ಹಾಕಿ ಹಿಂದಿನ ಹೊಸ ಚೀಟಿಯನ್ನು ಎಳೆದು ನೋಡಿದ. ಆಮೇಲೆ ನನ್ನತ್ತ ನೋಡಿ, ಒಳಗೆ ಬರಬೇಕು ಎಂದ. ಅವ್ವನೂ ಹಿಂದೆಯೇ ಬಂದಳು. ಹಿಂದಿನ ಕೋಣೆಯಲ್ಲಿ ಟಿವಿ ಪರದೆಯ ಮೇಲೆ ಇಡೀ ಅಂಗಡಿ ಚೌಕ ಚೌಕವಾಗಿ ಕಾಣುತ್ತಿತ್ತು. ಒಂದು ಚೌಕದಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿ ಆಚೆ ಈಚೆ ನೋಡಿ, ಬಗ್ಗಿ, ಉಗುರು ಹಾಕುತ್ತಿದ್ದಳು. ಮ್ಯಾನೇಜರ್ ಹಿಂದಿನ ವಾರಗಳದ್ದನ್ನೂ ಹುಡುಕಿ ಹಾಕಿದ. ಅವಲಕ್ಕಿ ಬಂತು. ಚಹಾಪುಡಿ ಬಂತು. ನನ್ನ ವಿದ್ಯಾರ್ಥಿಗಳು ಕಾಪಿ ಹೊಡೆಯುವಾಗಲೂ ಇಷ್ಟು ಕಳ್ಳಮುಖ ಮಾಡಿದ್ದನ್ನು ನಾನು ಕಂಡಿಲ್ಲ.

ಅವ್ವ ಮೂರನ್ನೂ ಪೂರ್ತಿ ನೋಡಿದಳು. ನಿನ್ನ ಕಾಲಿಗಾಗಿ ಮಾಡಿದೆ, ಡಾಕ್ಟರು ಹಾಗೆ ಹೇಳಿದ್ದರು, ನೀನು ಕೂತೇಬಿಟ್ಟಿದ್ದೆಯಲ್ಲ ಎಂದು ಏನೇನೋ ಬಡಬಡಿಸಿದೆ. ಅವಳು ಕೈ ಎತ್ತಿ ನಿಲ್ಲಿಸಿದಳು.

"ಖರೇ ಹೇಳು. ನಾ ಹುಡಿಕಿದ್ದು ಎಷ್ಟು, ನೀ ಇಟ್ಟದ್ದು ಎಷ್ಟು?"

ಮೂರು ಮಾತ್ರ ನನ್ನದು, ಅದಕ್ಕೂ ಮೊದಲಿನವೆಲ್ಲ ನಿನ್ನವೇ ಎಂದೆ. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಬೇಳೆಯಿಂದ ಹಿಡಿದು ಎಲ್ಲವನ್ನೂ ಅವಳು ಮನಸ್ಸಿನಲ್ಲೇ ಮತ್ತೆ ತೆರೆದು ನೋಡುತ್ತಿದ್ದಳು ಅನಿಸಿತು. ಆ ಕೋಣೆಯಲ್ಲಿ ನನಗೆ ನಾಚಿಕೆಯಾದದ್ದು ಮ್ಯಾನೇಜರನ ಎದುರಿಗಲ್ಲ. ಮೊಣಕಾಲಿಗಾಗಿ ಅವಳ ಕಣ್ಣಿಗೇ ಮೋಸ ಮಾಡಿದ್ದೆ, ಅದಕ್ಕೆ.

ಮ್ಯಾನೇಜರ್ ಕೆಳಗೆ ನೋಡುತ್ತಾ, ಇನ್ನು ನೀವಿಬ್ಬರೂ ಬರುವುದು ಬೇಡ ಎಂದ. ನಾನು ಚಹಾಪುಡಿ, ಅವಲಕ್ಕಿ ಎರಡರ ದುಡ್ಡನ್ನೂ ಮೇಜಿನ ಮೇಲಿಟ್ಟು, ನನಗೆ ಬೇಕಾದ ಶಿಕ್ಷೆ ಕೊಡಿ, ಅವ್ವನನ್ನು ಬಿಡಿ ಎಂದು ಅಂಗಲಾಚಬೇಕೆಂದಿದ್ದೆ. ಅವ್ವ ಅದಕ್ಕೆ ಅವಕಾಶ ಕೊಡಲಿಲ್ಲ.

"ಚೀಟಿ ಮುಟ್ಟಿದಾಕಿ ಇಕಿ. ಇಕಿನ್ನ ಬಂದ್ ಮಾಡ್ರಿ. ನಾ ಏನ ಮಾಡೇನಿ?"

ಹೆತ್ತ ತಾಯಿ ಇಷ್ಟು ಲಗೂನ ನನ್ನನ್ನು ಬಿಟ್ಟುಕೊಡುತ್ತಾಳೆಂದು ನಾನು ಎಣಿಸಿರಲಿಲ್ಲ. ತಪ್ಪು ಚೀಟಿಯನ್ನು ತಾನಾಗಿ ಕರೆದು ತೋರಿಸಿದ ಗಿರಾಕಿಯನ್ನು ಹೊರಗೆ ಹಾಕಲು ಮ್ಯಾನೇಜರನಿಗೂ ಕಾರಣ ಸಿಗಲಿಲ್ಲ. ನನ್ನ ಫೋಟೋ ತೆಗೆದುಕೊಂಡ.

ಎರಡು ದಿನ ಅವ್ವ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಸೀರೆ ಉಟ್ಟು, ಚೀಲ ಹಿಡಿದು, ಆಟೋ ತರಿಸು ಎಂದಳು. ಅಂಗಡಿಯ ಬಾಗಿಲಲ್ಲಿ ನಾನು ನಿಂತೆ, ಅವಳು ಹೋದಳು. ಗಾಜಿಗೆಲ್ಲ ಆಫರಿನ ಪೋಸ್ಟರ್ ಅಂಟಿಸಿದ್ದರು; ಎರಡು ಪೋಸ್ಟರಿನ ನಡುವಿನ ಸಂದಿಯಲ್ಲಿ ಇಣುಕಿದೆ. ಸೆಕ್ಯುರಿಟಿಯವನು ಗಾಜಿಗೆ ಕೈ ಹಚ್ಚಬೇಡಿ ಎಂದ. ಕೈ ತೆಗೆದು ಮೂಗು ಹಚ್ಚಿದೆ. ಸ್ವಲ್ಪ ಹೊತ್ತಿಗೆ ಅಕ್ಕಿ ಚೀಲಗಳ ಹತ್ತಿರ ಟ್ರಾಲಿ ಒಂದೇ ನಿಂತಿದ್ದು ಕಂಡಿತು. ಅವ್ವ ಇರಲಿಲ್ಲ, ಸ್ಟೂಲಿನ ಮೇಲೂ ಇರಲಿಲ್ಲ. ಬಿದ್ದಳೇನೋ ಅನಿಸಿತು. ಒಳಗೆ ಓಡೋಣವೆಂದರೆ ಬಾಗಿಲಲ್ಲಿ ಅವನು. ಅಷ್ಟರಲ್ಲಿ ಕೊನೆಯ ಸಾಲಿನ ತಿರುವಿನಲ್ಲಿ ಬಂದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಒಂದೊಂದು ಚೀಟಿಗೂ ಬಗ್ಗಿ, ನೆಟ್ಟಗಾಗಿ, ಮುಂದಕ್ಕೆ ಹೋಗುತ್ತಿದ್ದಳು.

ಒಂದು ತಾಸಿನ ಮೇಲೆ ಬರಿಗೈಯಲ್ಲಿ ಹೊರಗೆ ಬಂದಳು. ಸಿಕ್ಕಿತೇ ಎಂದು ಕೇಳಿದೆ.

"ನಾಕ ಸುತ್ತ ಹಾಕಿದೆ. ಒಂದೂ ತಪ್ಪಿಲ್ಲ. ನೀ ಒಳಗ ಇರಲಿಲ್ಲಂದ್ರ ಅಂಗಡಿ ಬರೋಬ್ಬರಿ ಐತಿ" ಅಂದಳು.

ಆಟೋ ಹತ್ತುವಾಗ ಎಂದಿನಂತೆ ನಾನು ಕೈ ಚಾಚಿದೆ. ಅವಳು ಅದನ್ನು ಹಿಡಿಯದೆ, ಸೀಟಿನ ಕಂಬಿ ಹಿಡಿದು ತಾನೇ ಹತ್ತಿ ಕೂತಳು. ಮೊಣಕಾಲು ಸುಧಾರಿಸಿದ್ದಕ್ಕೋ ಸಿಟ್ಟು ಇಳಿಯದ್ದಕ್ಕೋ, ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.