ತಿಕ್ಕಿದರೂ ಹೋಗದ ಗೆರೆ

ಆವತ್ತು ಬೆಳಿಗ್ಗೆ ಅರ್ಧ ಲಿಂಬೆಹಣ್ಣನ್ನು ಕಿಟಕಿಯಿಂದಾಚೆ ಎಸೆದೆ. ಅಡುಗೆ ಸೋಡಾದ ಬಟ್ಟಲೂ ಹೋಗುತ್ತಿತ್ತು, ಹುಡುಗಿ ಕಸಿದುಕೊಂಡಳು.

"ಕೊಡ್ರಿ ಟೀಚರಜ್ಜಿ! ಮೊಬೈಲ್‌ನ್ಯಾಗ ಎಲ್ಲಾರೂ ಇದನ್ನ ಹಚ್ಚಿ ತಿಕ್ಕತಾರ. ಹತ್ತ ದಿನದಾಗ ಹಲ್ಲು ಪಳಪಳ ಅಂತಾವಂತ."

"ಪಳಪಳ ಅಲ್ಲ, ಹಲ್ಲು ಸವದು ಹೋಗತಾವ. ಸಿಲ್ಲಿ ಗರ್ಲ್! ನಿನ್ನೆ ತಣ್ಣೀರು ಕುಡದು ಕೆನ್ನಿ ಹಿಡಕೊಂಡು ಕುಂತಿದ್ದಿ, ಮರತಿಯೇನು?"

ಹುಡುಗಿ ಗದಗಿನಲ್ಲಿ ನಮ್ಮ ಮಾಳಿಗೆಯ ಕೋಣೆಯಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ. ಊರು ಮುಂಡರಗಿ ಕಡೆಯ ಹಳ್ಳಿ. ಅವಳ ತಾಯಿ ಒಂದು ಕಾಲಕ್ಕೆ ನನ್ನ ಸ್ಟೂಡೆಂಟ್. ಹುಡುಗಿಯ ಹಲ್ಲಿನ ಮೇಲೆ ಚಹಾ ಇಳಿದು ಒಣಗಿದಂಥ ಕಂದು ಗೆರೆಗಳಿವೆ. ಆಸ್ಪತ್ರೆಯೊಂದರ ರಿಸೆಪ್ಶನ್ ಕೆಲಸಕ್ಕೆ ಇಂಟರ್‌ವ್ಯೂ ಹತ್ತಿರ ಬಂದಿತ್ತು. "ನೀ ಬಾಯಿ ಮುಚ್ಚಿ ನಗು ಲೇ" ಅಂದಿದ್ದಳಂತೆ ಗೆಳತಿ. ಆ ಗೆಳತಿಯ ಮೇಲೂ ನನಗೆ ಸಿಟ್ಟು.

ಅದೇ ಸಿಟ್ಟಿನಲ್ಲಿ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಡೆಂಟಿಸ್ಟ್ ಹತ್ತಿರ ಹೋದೆ. ಡಾಕ್ಟರ್ ಸಣ್ಣ ವಯಸ್ಸಿನ ಹೆಣ್ಣುಮಗಳು, ನನ್ನ ಮೊಮ್ಮಗಳಾಗಬಹುದು.

"ಇದು ಹೊಲಸಲ್ಲರಿ ಮೇಡಂ. ಬೋರಿನ ನೀರಾಗಿನ ಫ್ಲೋರೈಡ್. ಹಲ್ಲು ಮೂಡೂಕಿಂತ ಮೊದಲ ಒಳಗ ಸೇರಿದ್ದು. ತಿಕ್ಕಿದ್ರ ಗೆರಿ ಹೋಗೂದಿಲ್ಲ, ಹಲ್ಲ ಹೋಗತಾವ. ಲಿಂಬಿ, ಸೋಡಾ, ಇದ್ದಲಿ ಯಾವುದೂ ಬ್ಯಾಡ. ಮೆತ್ತನ್ನ ಬ್ರಷ್, ಫ್ಲೋರೈಡ್ ಪೇಸ್ಟ್, ದಿನಕ್ಕ ಎರಡು ಸಲ. ಫ್ಲೋರೈಡ್ ಹೊಟ್ಟಿಗೆ ಹೆಚ್ಚು ಹೋದ್ರ ತೊಂದ್ರಿ, ಹಚ್ಚಿ ಉಗುಳಿದ್ರ ಹಲ್ಲಿಗೆ ಬಲ. ಆಮ್ಯಾಲೆ ಬೆಳ್ಳಗ ಆಗಬೇಕಂದ್ರ ನನ್ನ ಕಡೆ ಬರ್ರಿ, ಮನಿಯಾಗ ಪ್ರಯೋಗ ಬ್ಯಾಡ." ಆಮೇಲೆ ಹುಡುಗಿಯತ್ತ ತಿರುಗಿ, "ಇಷ್ಟ ಜೋರ್ ತಿಕ್ಕಾಕ ಯಾರು ಕಲಿಸಿದ್ರವಾ ನಿನಗ?"

"ಅವ್ವ. ಸಣ್ಣಾಕಿ ಇದ್ದಾಗಿಂದ ಬೂದಿ ಹಚ್ಚಿ ತಿಕ್ಕತಿದ್ಲು. ಆಕಿಗೆ ಸಾಲ್ಯಾಗ ಟೀಚರ್ ಕಲಿಸಿದ್ರಂತ."

ಆ ಟೀಚರ್ ನಾನು.

ನಾನು ಕಾನ್ವೆಂಟಿನಲ್ಲಿ ಬೆಳೆದವಳು. ಬಿಳಿ ಸಾಕ್ಸ್, ಬೆಳಗಿನ ಗಂಟೆ, ಸಿಸ್ಟರುಗಳ ಮೆತ್ತನೆಯ ಇಂಗ್ಲಿಷ್ ಇವತ್ತಿಗೂ ಕನಸಿನಲ್ಲಿ ಬರುತ್ತವೆ. ಅಲ್ಲಿ ಪ್ರೇಯರ್ ಆದ ಮೇಲೆ ಉಗುರು, ಹಲ್ಲು ನೋಡುತ್ತಿದ್ದರು. ಟೀಚರಾದ ಮೇಲೆ ನಾನೂ ನೋಡಿದೆ. "ಶೋ ಮಿ ಯುವರ್ ಟೀತ್!" ಮುಂಡರಗಿ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿದ್ದ ಮಕ್ಕಳು ಬಾಯಿ ತೆರೆದರೆ, "ಡರ್ಟಿ! ಗೋ ಅಂಡ್ ಸ್ಕ್ರಬ್!" ನಲ್ಲಿಯ ಹತ್ತಿರ ಸಾಲಾಗಿ ನಿಂತು ಬೂದಿ ಹಚ್ಚಿ ತಿಕ್ಕುತ್ತಿದ್ದರು. ಈ ಹುಡುಗಿಯ ತಾಯಿಯೂ ಆ ಸಾಲಿನಲ್ಲಿದ್ದಳು. ಕೆಲವರ ಒಸಡಿನಲ್ಲಿ ರಕ್ತ ಕಂಡದ್ದೂ ನೆನಪಿದೆ. ಒಂದೇ ಕಡೆಯ ಅಷ್ಟೂ ಮಕ್ಕಳ ಹಲ್ಲಿಗೆ ಒಂದೇ ಬಣ್ಣ ಯಾಕೆ ಅಂತ ಒಂದು ದಿನ, ಒಂದೇ ಒಂದು ದಿನ, ನಾನು ಕೇಳಿಕೊಳ್ಳಲಿಲ್ಲ. ಎಷ್ಟು ಓದಿದ್ದೆ! ಏನು ಸುಟ್ಟುಕೊಳ್ಳುವುದು ಆ ಓದನ್ನು?

ರವಿವಾರ ಹುಡುಗಿಯ ತಾಯಿ ಬಂದಳು, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ಎಂದಿನಂತೆ ಸೆರಗು ಬಾಯಿಗಿಟ್ಟು ನಕ್ಕಳು. ಇಷ್ಟು ವರ್ಷ ಅದನ್ನು ನಾಚಿಕೆ ಅಂದುಕೊಂಡಿದ್ದೆ. ಹೌ ಗ್ರೇಸ್‌ಫುಲ್ ಅಂತ ಬೇರೆ!

ಎಲ್ಲ ಹೇಳಿದೆ. ಸಾರಿ ಅಂದೆ. ಅವಳು ಬಿಚ್ಚುತ್ತಿದ್ದ ರೊಟ್ಟಿಯ ಗಂಟನ್ನು ಹಾಗೇ ಬಿಟ್ಟಳು.

"ನನ್ನ ಮದವಿ ಫೋಟೋ ನೋಡೀರೇನ್ರಿ ಟೀಚರ್? ಒಂದರಾಗೂ ನಕ್ಕಿಲ್ಲ. ಕೂಸಿನ ಬಾಯಾಗ ಬೂದಿ ಹಾಕಿ ತಿಕ್ಕೀನಿ, ಅದು ಚೀರಿದ್ರೂ ಬಿಟ್ಟಿಲ್ಲ. ಟೀಚರ್ ಹೇಳ್ಯಾರಂದ್ರ ಖರೆ ಅಂತ. ಈಗ ನಿಮ್ಮ ಸಾರಿ ತಗೊಂಡು ಏನ್ ಮಾಡ್ಲಿ?"

ಬೈಯಲಿ ಅಂತ ಕೂತೆ. ಬೈಯಲೂ ಇಲ್ಲ, ನಾನು ಕೊಟ್ಟ ಚಹಾನೂ ಮುಟ್ಟಲಿಲ್ಲ.

ಅಷ್ಟರಲ್ಲಿ ಹುಡುಗಿ ಸೋಡಾದ ಬಟ್ಟಲು ತಂದು ನನ್ನ ಮುಂದೆ ಕುಕ್ಕಿದಳು. "ತಗೋರಿ ಅಜ್ಜಿ, ಮಿರ್ಚಿ ಭಜಿಗಾದ್ರೂ ಆಗತೈತಿ. ನನಗಂತೂ ಸಾಕಾತು. ನೌಕರಿ ಕೊಡಾವರು ಹಲ್ಲ ಎಣಿಸಿ ಕೊಡ್ತಾರೇನು?"

ತಾಯಿಗೆ ತಡೆಯಲಾಗದೆ ನಗು ಬಂತು. ಬರುತ್ತಿದ್ದಂತೆಯೇ ಸೆರಗು ಬಾಯಿಗೆ ಹೋಯಿತು.